ಎರಡೂ ಬುಟ್ಟಿ ಖಾಲಿ

ಮೊನ್ನೆ ಒಂದು ಆದಿತ್ಯವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಮಿಜಾರಿನಿಂದ ದೊಡ್ಡಪ್ಪನ ಫೋನು ಬಂತು. ರಾತ್ರಿ ಎಂಟರ ಮೇಲೆ ಫೋನು ಮುಟ್ಟುವ ಪೈಕಿ ಅಲ್ಲ ಅವರು. ಏನೋ ಆಗಿದೆ ಎಂದು ಕೈ ತೊಳೆಯದೆಯೇ ಎತ್ತಿಕೊಂಡೆ.

"ಮಾರಾಯ, ಕಂಪ್ಯೂಟರಿನಲ್ಲಿ ಬಿಸಾಡಿದ್ದೆಲ್ಲ ಕಸದ ಬುಟ್ಟಿಯಲ್ಲಿ ಇರ್ತದೆ, ಹೆದರುವುದು ಬೇಡ ಅಂತ ಬರೆದದ್ದು ನೀನೇ ಅಲ್ಲವಾ? ಇಲ್ಲಿ ನೋಡಿದರೆ ಬುಟ್ಟಿಯೇ ಖಾಲಿ ಉಂಟು."

ಬರೆದದ್ದು ನಾನೇ. ಇದೇ ಅಂಕಣದಲ್ಲಿ, ರಿಸೈಕಲ್ ಬಿನ್ ಬಗ್ಗೆ. ತಪ್ಪಿ ಅಳಿಸಿದರೆ ಗಾಬರಿ ಬೇಡ, ಬುಟ್ಟಿ ತೆರೆಯಿರಿ, ಫೈಲಿನ ಮೇಲೆ ಬಲಗುಂಡಿ ಒತ್ತಿ 'ರಿಸ್ಟೋರ್' ಎನ್ನಿ, ಬಿಟ್ಟ ಜಾಗಕ್ಕೇ ವಾಪಸು ಹೋಗುತ್ತದೆ ಎಂದಿದ್ದೆ. ಓದಿದವರಲ್ಲಿ ದೊಡ್ಡಪ್ಪನ ಮೊಮ್ಮಗಳೂ ಇದ್ದಳು. ಎಂಟನೇ ಕ್ಲಾಸು. ಅದನ್ನು ನಂಬಿಯೇ ಅವಳು ಶನಿವಾರ ಸಂಜೆ ಒಂದು ಫೋಲ್ಡರನ್ನು ಧೈರ್ಯವಾಗಿ ಅಳಿಸಿದ್ದಳು. ಬೇಕಾದರೆ ಬುಟ್ಟಿಯಲ್ಲಿದೆಯಲ್ಲ ಎಂದು.

ನಾನು ಬರೆದದ್ದು ಅರ್ಧ ಮಾತ್ರ ಆಗಿತ್ತು. ಉಳಿದರ್ಧವನ್ನು ಈ ವಾರ ಬರೆಯುತ್ತಿದ್ದೇನೆ. ಅಜ್ಜ ಅಜ್ಜಿಯರು ಕನ್ನಡಕ ಹಾಕಿಕೊಂಡು ಓದಬೇಕು. ಮಕ್ಕಳು ಓದಿ, ಅಜ್ಜನಿಗೆ ಅರ್ಥವಾಗದ್ದನ್ನು ಹೇಳಿಕೊಡಬೇಕು.

ಹೋದದ್ದು ಏನು ಎಂದು ಮೊದಲು ಹೇಳುತ್ತೇನೆ. ದೊಡ್ಡಪ್ಪನಿಗೆ ಯಕ್ಷಗಾನದ ಹುಚ್ಚು. ಮಿಜಾರು ಎಂದರೆ ಈಗಿನ ಮಕ್ಕಳಿಗೆ ಹೆದ್ದಾರಿ ಬದಿಯ ಎಂಜಿನಿಯರಿಂಗ್ ಕಾಲೇಜು, ಇಲ್ಲವೇ ಕಂಬಳದಲ್ಲಿ ಕೋಣಗಳ ಜೊತೆ ಓಡಿ ಪೇಪರಿನಲ್ಲಿ ಬಂದ ಶ್ರೀನಿವಾಸ ಗೌಡರು ನೆನಪಾಗಬಹುದು. ದೊಡ್ಡಪ್ಪನ ವಯಸ್ಸಿನವರಿಗೆ ನೆನಪಾಗುವುದು ಮಿಜಾರು ಅಣ್ಣಪ್ಪ ಹಾಸ್ಯಗಾರರು. ಕರ್ನಾಟಕ ಮೇಳದ ತುಳು ಪ್ರಸಂಗಗಳಲ್ಲಿ ಅವರು ರಂಗಕ್ಕೆ ಬಂದರೆ, ಮಾತು ಶುರುವಾಗುವ ಮೊದಲೇ ನಗು ಶುರುವಾಗುತ್ತಿತ್ತಂತೆ. ಕ್ಯಾಸೆಟ್ಟಿನ ಕಾಲದಲ್ಲಿ ದೊಡ್ಡಪ್ಪ ಟೇಪ್ ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಬಯಲಾಟದಿಂದ ಬಯಲಾಟಕ್ಕೆ ತಿರುಗಿದವರು. ಧ್ವನಿವರ್ಧಕದ ಹತ್ತಿರ ಚಾಪೆ ಹಾಸಿ ಕೂತು ತಾವೇ ರೆಕಾರ್ಡ್ ಮಾಡಿದ 26 ಕ್ಯಾಸೆಟ್ಟುಗಳಿದ್ದವು. ಅಂಗಡಿಯಲ್ಲಿ ಸಿಗುವ ಮಾಲು ಅಲ್ಲ ಅದು.

ನಮ್ಮ ಕರಾವಳಿಯ ಮಳೆಗೆ ಕ್ಯಾಸೆಟ್ಟಿನ ಪಟ್ಟಿಗೆ ಬೂಸ್ಟು ಹಿಡಿಯುವುದು ಹೊಸತಲ್ಲ. ಬಿಳಿ ಪುಡಿ ಕೂತು, ಸುರುಳಿಗಳು ಒಂದಕ್ಕೊಂದು ಅಂಟಿ, ತಿರುಗಿಸಿದರೆ ಕಚಕ್ಕೆಂದು ಕಡಿಯುತ್ತದೆ. ಪೂರಾ ಹಾಳಾಗುವ ಮೊದಲು ಆರೇಳು ವರ್ಷದ ಹಿಂದೆ ಮಗ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದ. ಒಂದೊಂದು ಮಗ್ಗುಲು ಒಂದೊಂದು ಫೈಲು, ಒಟ್ಟು 52. ಎಲ್ಲ ಸೇರಿ ಒಂದೂವರೆ ಜಿಬಿ ಆಗಬಹುದು. ಇಳಿಸಿದ ಮೇಲೆ ಕ್ಯಾಸೆಟ್ಟುಗಳನ್ನು ಬಿಸಾಡಿದರು. ಅದು ಮೊದಲನೇ ತಪ್ಪು. ಆದರೆ ದೊಡ್ಡಪ್ಪನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ನನ್ನ ಮನೆಯಲ್ಲೂ ನಾನು ಹಾಗೆಯೇ ಮಾಡಿದ್ದೇನೆ.

ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: "ಆ ಫೈಲುಗಳು ಇದ್ದದ್ದು ಯಾವ ಕಂಪ್ಯೂಟರಿನಲ್ಲಿ, ದೊಡ್ಡಪ್ಪ?"

"ಮಾಳಿಗೆಯ ಹಳೇ ಕಂಪ್ಯೂಟರಿನಲ್ಲಿ. ಆದರೆ ಪುಳ್ಳಿ ಅಳಿಸಿದ್ದು ಕೆಳಗೆ ಚಾವಡಿಯಲ್ಲಿ ಕೂತು, ಅವಳ ಲ್ಯಾಪ್‌ಟಾಪಿನಲ್ಲಿ."

ಅಲ್ಲಿಗೆ ಅರ್ಥವಾಯಿತು. "ಮಾಳಿಗೆಯದ್ದನ್ನು ಈಗಲೇ ಆಫ್ ಮಾಡಿಸಿ. ನಾನು ಬರುವ ತನಕ ಯಾರೂ ಆನ್ ಮಾಡುವುದು ಬೇಡ, ಹುಡುಕಲಿಕ್ಕೆ ಅಂತಲೂ ಬೇಡ" ಎಂದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಬುಟ್ಟಿಯ ಕಥೆ.

ವಿಂಡೋಸ್ ಕಂಪ್ಯೂಟರಿನಲ್ಲಿ ರಿಸೈಕಲ್ ಬಿನ್ ಬಂದದ್ದು 1995ರಲ್ಲಿ, ವಿಂಡೋಸ್ 95ರ ಜೊತೆಗೆ. ಪರದೆಯ ಮೇಲೆ ಒಂದೇ ಬುಟ್ಟಿಯ ಚಿತ್ರ ಕಾಣುತ್ತದೆ, ಆದರೆ ನಿಜದಲ್ಲಿ ಕಂಪ್ಯೂಟರಿನ ಒಳಗಿನ ಪ್ರತಿಯೊಂದು ಡ್ರೈವಿನಲ್ಲೂ ಒಂದೊಂದು ಗುಪ್ತ ಫೋಲ್ಡರ್ ಇರುತ್ತದೆ. ನೀವು ಫೈಲನ್ನು ಅಳಿಸಿದಾಗ ಅದು ಅಳಿಯುವುದೇ ಇಲ್ಲ. ಹೆಸರು ಬದಲಿಸಿ ಆ ಗುಪ್ತ ಫೋಲ್ಡರಿಗೆ ದಾಟಿಸುತ್ತಾರೆ. ಜೊತೆಗೆ ಒಂದು ಚೀಟಿ ಬರೆದಿಡುತ್ತಾರೆ: ಇದರ ಮೊದಲಿನ ಹೆಸರು ಇಂಥದ್ದು, ಇಂಥ ಜಾಗದಲ್ಲಿತ್ತು, ಇಂಥ ದಿನ ಇಷ್ಟು ಹೊತ್ತಿಗೆ ಬಿಸಾಡಿದ್ದು ಎಂದು. ರಿಸ್ಟೋರ್ ಒತ್ತಿದಾಗ ಚೀಟಿ ಓದಿ ವಾಪಸು ಕಳಿಸುವುದು ಅಷ್ಟೆ. ಎರಡು ಜಿಬಿಯ ಸಿನಿಮಾ ಕೂಡ ಕಣ್ಣು ಮುಚ್ಚಿ ಬಿಡುವುದರೊಳಗೆ ಬುಟ್ಟಿಗೆ ಬೀಳುವುದು ಇದಕ್ಕೇ. ಸಿನಿಮಾ ಎಲ್ಲಿಗೂ ಹೋಗಿಲ್ಲ, ಅದೇ ಡ್ರೈವಿನಲ್ಲಿ ಅದೇ ಜಾಗದಲ್ಲಿದೆ. ಪಟ್ಟಿಯಲ್ಲಿ ವಿಳಾಸ ಬದಲಾಗಿದೆ.

ಈ ದಾಟಿಸುವ ಕೆಲಸ ಯಾರು ಮಾಡುತ್ತಾರೆ? ಮಕ್ಕಳೇ, ಇದು ಮುಖ್ಯ. ಒಂದು ದೊಡ್ಡ ಮನೆಯನ್ನು ನೆನೆಸಿಕೊಳ್ಳಿ. ಎದುರಿಗೆ ಮೇಜು ಹಾಕಿ ಕೂತ ಗುಮಾಸ್ತ, ಹಿಂದೆ ಉಗ್ರಾಣ, ಉಗ್ರಾಣಕ್ಕೆ ಒಬ್ಬ ಕಾವಲುಗಾರ. ನೀವು ಮಾತಾಡುವುದು ಗುಮಾಸ್ತನ ಹತ್ತಿರ. ಪರದೆಯ ಮೇಲೆ ಫೋಲ್ಡರುಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶವೇ ಆ ಗುಮಾಸ್ತ. ಅವನು ಒಳ್ಳೆಯವನು. "ಇದನ್ನು ಬಿಸಾಡು" ಎಂದರೆ, ಇವರು ನಾಳೆ ಕೇಳಿಯಾರು ಎಂದು ಮೂಲೆಯ ಬುಟ್ಟಿಯಲ್ಲಿ ಹಾಕಿಡುತ್ತಾನೆ. ಕಾವಲುಗಾರನಿಗೆ ಈ ದಾಕ್ಷಿಣ್ಯ ಇಲ್ಲ. ಅವನಿಗೆ ನೇರವಾಗಿ "ಬಿಸಾಡು" ಎಂದರೆ ಪಟ್ಟಿಯಿಂದ ಹೆಸರು ಹೊಡೆದು, ಜಾಗ ಖಾಲಿ ಎಂದು ಬರೆದುಬಿಡುತ್ತಾನೆ. ಬುಟ್ಟಿ ಎಂಬುದೊಂದು ಇದೆ ಎಂದೇ ಅವನಿಗೆ ಗೊತ್ತಿಲ್ಲ.

ಈಗ ಎರಡು ಮನೆ ಮಾಡಿ. ಚಾವಡಿಯ ಲ್ಯಾಪ್‌ಟಾಪು ಒಂದು ಮನೆ, ಮಾಳಿಗೆಯ ಕಂಪ್ಯೂಟರು ಇನ್ನೊಂದು. ನಡುವೆ ವೈಫೈ. ದೊಡ್ಡಪ್ಪನ ಮಗ ಮಾಳಿಗೆಯ ಒಂದು ಡ್ರೈವನ್ನು ಎಲ್ಲರಿಗೂ ಸಿಗುವ ಹಾಗೆ 'ಶೇರ್' ಮಾಡಿಟ್ಟು, ಲ್ಯಾಪ್‌ಟಾಪಿನಲ್ಲಿ ಅದು 'ಝಡ್ ಡ್ರೈವ್' ಎಂದು ಕಾಣುವ ಹಾಗೆ ಮಾಡಿ ಬೆಂಗಳೂರಿಗೆ ಹೋದ. ಸಿ ಡ್ರೈವ್, ಡಿ ಡ್ರೈವ್, ಅದರ ಪಕ್ಕ ಝಡ್ ಡ್ರೈವ್. ನೋಡಲಿಕ್ಕೆ ಮೂರೂ ಒಂದೇ ಅಚ್ಚು, ಮೂರನೆಯದ್ದು ಬೇರೆ ಯಂತ್ರದ ಹೊಟ್ಟೆಯಲ್ಲಿದೆ ಎಂದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಐಕಾನಿನ ಅಡಿಯಲ್ಲಿ ಒಂದು ಸಣ್ಣ ತಂತಿಯ ಚಿತ್ರ ಇರುತ್ತದೆ. ಅಷ್ಟೇ ಗುರುತು.

ಹುಡುಗಿ ಝಡ್ ಡ್ರೈವಿನಿಂದ ಅಳಿಸು ಎಂದಾಗ ಕೆಳಗಿನ ಗುಮಾಸ್ತ ಏನು ಮಾಡಬೇಕು? ತನ್ನ ಬುಟ್ಟಿಗೆ ಹಾಕಿಕೊಳ್ಳಬೇಕಾದರೆ ಒಂದೂವರೆ ಜಿಬಿಯನ್ನು ಪೂರ್ತಿ ಮಾಳಿಗೆಯಿಂದ ಕೆಳಗೆ ಹೊತ್ತು ತರಬೇಕು. ಆ ಕೆಲಸ ಅವನು ಮಾಡುವುದಿಲ್ಲ. ವೈಫೈ ಮೂಲಕ ಮೇಲಕ್ಕೆ ಒಂದು ಮಾತು ಕೂಗಿ ಹೇಳುತ್ತಾನೆ: "ಅಳಿಸು." ಆ ಕೂಗು ಹೋಗಿ ತಲುಪುವುದು ಮೇಲಿನ ಮನೆಯ ಗುಮಾಸ್ತನಿಗಲ್ಲ, ಸೀದಾ ಉಗ್ರಾಣದ ಕಾವಲುಗಾರನಿಗೆ. ಅವನು ಹೇಳಿದಷ್ಟು ಮಾಡಿದ. ಕೆಳಗಿನ ಬುಟ್ಟಿಯಲ್ಲೂ ಇಲ್ಲ, ಮೇಲಿನ ಬುಟ್ಟಿಯಲ್ಲೂ ಇಲ್ಲ. ಹುಡುಗಿ ಎರಡನ್ನೂ ನೋಡಿದ್ದಳು ಪಾಪ, ಏಣಿ ಹತ್ತಿ ಇಳಿದು ನಾಲ್ಕು ಸಲ.

ಯಂತ್ರ ಎಚ್ಚರಿಕೆ ಕೊಟ್ಟಿರಲಿಲ್ಲವೇ? ಕೊಟ್ಟಿತ್ತು. ಬುಟ್ಟಿಗೆ ಹೋಗುವ ಫೈಲಾದರೆ, ಇದನ್ನು ರಿಸೈಕಲ್ ಬಿನ್‌ಗೆ ಹಾಕಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಹೊಸ ವಿಂಡೋಸ್‌ಗಳಲ್ಲಿ ಹೆಚ್ಚಾಗಿ ಕೇಳುವುದೂ ಇಲ್ಲ, ಸುಮ್ಮನೆ ಹಾಕುತ್ತದೆ. ಬುಟ್ಟಿ ಇಲ್ಲದ ಕಡೆಯಾದರೆ ಕೇಳುವ ಪ್ರಶ್ನೆಯಲ್ಲಿ 'ಪರ್ಮನೆಂಟ್ಲಿ' ಎಂಬ ಶಬ್ದ ಇರುತ್ತದೆ. ಶಾಶ್ವತವಾಗಿ ಅಳಿಸಲೇ ಎಂದು. ಆ ಒಂದು ಶಬ್ದ ಕಂಡರೆ ಕೈ ಕಟ್ಟಿ ಕೂತು ಇನ್ನೊಮ್ಮೆ ಓದಿ. ಅಜ್ಜಂದಿರೇ, ಇಂಗ್ಲಿಷ್ ಬಾರದಿದ್ದರೆ ಪ್ರಶ್ನೆ ಬಂದದ್ದನ್ನೇ ಸೂಚನೆ ಎಂದು ತಿಳಿಯಿರಿ. ದಿನವೂ ಸುಮ್ಮನೆ ಅಳಿಸುತ್ತಿದ್ದ ಯಂತ್ರ ಇವತ್ತು ಏನೋ ಕೇಳುತ್ತಿದೆ ಎಂದರೆ ಏನೋ ವ್ಯತ್ಯಾಸ ಇದೆ.

ನೆಟ್‌ವರ್ಕ್ ಫೋಲ್ಡರ್ ಒಂದೇ ಅಲ್ಲ, ಬುಟ್ಟಿ ತಪ್ಪಿಸುವ ದಾರಿಗಳು ಬೇರೆಯೂ ಇವೆ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಬುಟ್ಟಿಗೆ ಬೀಳುವುದಿಲ್ಲ. ಮೊಬೈಲನ್ನು ವಯರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಂದ ಅಳಿಸಿದ ಫೋಟೋಗಳೂ ಹಾಗೆಯೇ. ಶಿಫ್ಟ್ ಗುಂಡಿ ಒತ್ತಿ ಹಿಡಿದು ಡಿಲೀಟ್ ಮಾಡಿದರೆ ಗುಮಾಸ್ತನೇ ಬುಟ್ಟಿಯನ್ನು ಬಿಟ್ಟುಬಿಡುತ್ತಾನೆ. ಬುಟ್ಟಿಗೂ ಒಂದು ಅಳತೆ ಇದೆ, ಅದಕ್ಕಿಂತ ದೊಡ್ಡ ಫೈಲು ಅದರೊಳಗೆ ಹಿಡಿಯುವುದಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರ ಪಾಠ ಒಂದೇ ಸರ್ವರಿನಲ್ಲಿ ಇದ್ದರೆ ಅಲ್ಲೂ ಇದೇ ಕಥೆ. ಪಕ್ಕದವನ ಪ್ರಾಜೆಕ್ಟ್ ಅಳಿಸಿ, ತಮಾಷೆಗೆ ಮಾಡಿದೆ, ಬುಟ್ಟಿಯಲ್ಲಿದೆ ಎಂದರೆ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಮಂಗಳೂರಿನಿಂದ ಮೂಡುಬಿದಿರೆ ಬಸ್ಸು ಹತ್ತಿದೆ. ಎಡಪದವು ದಾಟಿ ಮಿಜಾರಿನಲ್ಲಿ ಇಳಿದು ಒಳದಾರಿಯಲ್ಲಿ ನಡೆದು ಹೋದಾಗ ದೊಡ್ಡಪ್ಪ ಅಂಗಳದಲ್ಲಿ ಅಡಿಕೆ ಹರಗುತ್ತಿದ್ದರು. ಹುಡುಗಿ ಶಾಲೆಗೆ ಹೋಗಿರಲಿಲ್ಲ. ಹೊಟ್ಟೆನೋವಂತೆ. ಕಂಬದ ಹಿಂದೆ ನಿಂತವಳ ಮುಖ ನೋಡಿದರೆ ಹೊಟ್ಟೆಗಿಂತ ಮೇಲೆ ಎಲ್ಲೋ ನೋವು ಇದ್ದ ಹಾಗಿತ್ತು.

ಕೇಳಿದೆ, ಯಾಕೆ ಅಳಿಸಿದ್ದು ಎಂದು. ಝಡ್ ಡ್ರೈವಿನ ಕೆಳಗಿನ ಗೆರೆ ಕೆಂಪಾಗಿತ್ತಂತೆ. ಅಣ್ಣನಿಗೆ ಅದರಲ್ಲಿ ಒಂದು ಆಟ ಹಾಕಬೇಕಿತ್ತು. 'ಕ್ಯಾಸೆಟ್' ಎಂದು ಒಂದು ಫೋಲ್ಡರು, 'ಕ್ಯಾಸೆಟ್ ಹೊಸತು' ಎಂದು ಇನ್ನೊಂದು. ಹೊಸತರಲ್ಲಿ ಹಳತೂ ಇದ್ದೇ ಇರುತ್ತದೆ ಎಂದು ಹಳೆಯದ್ದನ್ನು ಅಳಿಸಿದಳು. ಹೊಸತರಲ್ಲಿ ಇದ್ದದ್ದು ಬೇರೆಯೇ, ಯಾರೋ ಕೊಟ್ಟ ಭಜನೆ. ಇದರಲ್ಲಿ ಅವಳ ತಪ್ಪು ಎಷ್ಟು, ಆ ಹೆಸರಿಟ್ಟವನ ತಪ್ಪು ಎಷ್ಟು? ಅಂದ ಹಾಗೆ, ಕೆಂಪು ಗೆರೆ ಎಂದರೆ ಡ್ರೈವಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದಿದೆ ಎಂದರ್ಥ. 500 ಜಿಬಿಯಲ್ಲಿ ಇನ್ನೂ ಸುಮಾರು 40 ಜಿಬಿ ಖಾಲಿ ಇತ್ತು. ಆರು ಜಿಬಿಯ ಆಟಕ್ಕೆ ಒಂದೂವರೆ ಜಿಬಿಯ ಯಕ್ಷಗಾನ ಅಳಿಸುವ ಅಗತ್ಯವೇ ಇರಲಿಲ್ಲ.

"ಆಟ ಹಾಕಿದ್ದು ಯಾವಾಗ?"

"ಅಳಿಸಿದ ಮೇಲೆ, ಅವತ್ತೇ ರಾತ್ರಿ, ಚಿಕ್ಕಪ್ಪ" ಎಂದಳು. ಅದನ್ನು ಕೇಳಿ ನನ್ನ ಎದೆ ಸ್ವಲ್ಪ ಕುಸಿಯಿತು.

ಯಾಕೆಂದರೆ ಕಾವಲುಗಾರ ಪಟ್ಟಿಯಲ್ಲಿ ಹೆಸರು ಹೊಡೆದರೂ ಸಾಮಾನನ್ನು ಕೂಡಲೇ ಸುಡುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಹೊಸ ಸಾಮಾನು ಬಂದು ಅದೇ ಜಾಗದಲ್ಲಿ ಕೂರುವ ತನಕ. ಹಳೆಯ ಸ್ಲೇಟಿನ ಹಾಗೆ ಅನ್ನಿ, ಒರೆಸದೆ ಅದರ ಮೇಲೆಯೇ ಬರೆಯುತ್ತಾರೆ. ಆದ್ದರಿಂದಲೇ ಆಫ್ ಮಾಡಿ ಎಂದದ್ದು. ಕಂಪ್ಯೂಟರು ಸುಮ್ಮನೆ ಆನ್ ಇದ್ದರೂ ತನ್ನಷ್ಟಕ್ಕೆ ಏನಾದರೊಂದು ಬರೆಯುತ್ತಲೇ ಇರುತ್ತದೆ. ಹುಡುಕುವ ಆತುರದಲ್ಲಿ ಅದೇ ಡಿಸ್ಕಿಗೆ ಒಂದು ತಂತ್ರಾಂಶ ಇಳಿಸಿದರೆ, ಇಳಿಸಿದ್ದೇ ಹೋಗಿ ಅಜ್ಜನ ಹಾಡಿನ ಮೇಲೆ ಕೂತೀತು. ಶನಿವಾರ ಸಂಜೆಯೇ ಹುಡುಗಿ ಬಾಯಿ ಬಿಟ್ಟಿದ್ದರೆ ಅಣ್ಣ ಆಟ ಹಾಕುತ್ತಿರಲಿಲ್ಲ. ಬೈಗುಳಕ್ಕೆ ಹೆದರಿ ಒಂದು ದಿನ ಮುಚ್ಚಿಟ್ಟಳು. ಅಜ್ಜಂದಿರು ಇಲ್ಲಿ ನನ್ನ ಮೇಲೆ ಸಿಟ್ಟಾಗಬಾರದು: ನಾವು ಬೈಯುವ ಕ್ರಮ ನೋಡಿಯೇ ಮಕ್ಕಳು ಮುಚ್ಚಿಡುವುದು.

ಮೊದಲು ಸುಲಭದ ದಾರಿಗಳನ್ನು ನೋಡಬೇಕು. ಶೇರ್ ಆದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್'ನಲ್ಲಿ 'ಪ್ರೀವಿಯಸ್ ವರ್ಷನ್ಸ್' ಎಂಬ ಹಾಳೆ ತೆರೆದರೆ, ಯಾರಾದರೂ ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದ ಪಕ್ಷದಲ್ಲಿ, ನಿನ್ನೆ ಮೊನ್ನೆಯ ರೂಪ ಸಿಗುತ್ತದೆ. ಶಾಲೆ, ಆಫೀಸುಗಳ ಸರ್ವರಿನಲ್ಲಿ ಇದು ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಏನಾದರೂ ಅಳಿಸಿದರೆ ಲ್ಯಾಬಿನ ಸರ್ ಹತ್ತಿರ ಓಡಿ ಹೋಗಿ. ಇನ್ನು ಕೆಲವು ಮನೆಗಳಲ್ಲಿ ನೆಟ್‌ವರ್ಕಿಗೆಂದೇ ಮಾಡಿದ ಡಿಸ್ಕಿನ ಪೆಟ್ಟಿಗೆ ಇರುತ್ತದೆ. ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಪೆಟ್ಟಿಗೆಗಳಿಗೆ ತಮ್ಮದೇ ಬುಟ್ಟಿ ಉಂಟು. ಆದರೆ ಅದು ಚಾಲೂ ಇದೆಯೇ ಎಂದು ಅಳಿಸುವ ಮೊದಲು ನೋಡಿಕೊಂಡಿರಬೇಕು, ಆಮೇಲೆ ಚಾಲೂ ಮಾಡಿ ಪ್ರಯೋಜನ ಇಲ್ಲ. ದೊಡ್ಡಪ್ಪನ ಮಾಳಿಗೆಯಲ್ಲಿ ಇದು ಯಾವುದೂ ಇರಲಿಲ್ಲ.

ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದೆ. ಪುಣ್ಯಕ್ಕೆ ಹಳೇ ಕಾಲದ ತಿರುಗುವ ಡಿಸ್ಕು. ಈಗಿನ ಎಸ್‌ಎಸ್‌ಡಿ ಆಗಿದ್ದರೆ ಖಾಲಿ ಎಂದು ಗುರುತಾದ ಜಾಗವನ್ನು ಅದು ತಾನಾಗಿ ಒರೆಸಿ ಚೊಕ್ಕ ಮಾಡುತ್ತದೆ, ಆಸೆ ಬಹಳ ಕಡಿಮೆ. ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಈ ಕೆಲಸವನ್ನು ಚಾವಡಿಯಿಂದ ವೈಫೈ ಮೂಲಕ ಮಾಡಲಾಗುವುದಿಲ್ಲ, ಹುಡುಕುವ ತಂತ್ರಾಂಶಕ್ಕೆ ಡಿಸ್ಕೇ ಕೈಗೆ ಸಿಗಬೇಕು. ಸಿಕ್ಕಿದ್ದನ್ನು ಅದೇ ಡಿಸ್ಕಿನಲ್ಲಿ ಇಡಲೂ ಬಾರದು, ಬೇರೆ ಕಡೆ ಇಳಿಸಿಕೊಳ್ಳಬೇಕು.

ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಇದೆ. ಕಪ್ಪು ಪರದೆ, ಬಿಳಿ ಅಕ್ಷರ, ನೋಡಲಿಕ್ಕೆ ಚಂದ ಇಲ್ಲ. ಹೊಡೆದ ಹೆಸರುಗಳು ಪಟ್ಟಿಯಲ್ಲಿ ಇನ್ನೂ ಓದಲು ಬರುತ್ತವೆಯೇ ಎಂದು ಅದು ನೋಡುತ್ತದೆ. 19 ಫೈಲುಗಳು ಹೆಸರು ಸಮೇತ, ಪೂರ್ತಿಯಾಗಿ ಸಿಕ್ಕಿದವು. ಹುಡುಗಿ ಕಂಬದ ಹಿಂದಿನಿಂದ ಮೇಜಿನ ಹತ್ತಿರ ಬಂದಳು.

ಆಮೇಲೆ ಅದರ ಜೋಡಿ ತಂತ್ರಾಂಶ, ಫೋಟೋರೆಕ್. ಇದು ಪಟ್ಟಿಯನ್ನು ನೋಡುವುದೇ ಇಲ್ಲ. ಉಗ್ರಾಣದ ಒಂದೊಂದು ಗೋಣಿಯನ್ನೂ ಬಿಚ್ಚಿ ವಾಸನೆ ನೋಡಿ, ಇದು ಅಕ್ಕಿ, ಇದು ಬೆಲ್ಲ ಎಂದು ಬೇರೆ ಮಾಡುವ ಹಾಗೆ, ಡಿಸ್ಕಿನ ಚೂರು ಚೂರನ್ನು ಓದಿ ಇದು ಹಾಡು, ಇದು ಚಿತ್ರ ಎಂದು ಗುರುತಿಸುತ್ತದೆ. ನಾಲ್ಕು ಗಂಟೆ ತಗುಲಿತು. ನಾವು ಊಟ ಮಾಡಿ, ಒಂದು ನಿದ್ದೆ ತೆಗೆದು, ಚಾ ಕುಡಿದು ಬಂದಾಗ ಮುನ್ನೂರಕ್ಕೂ ಹೆಚ್ಚು ಹಾಡಿನ ಫೈಲುಗಳು ರಾಶಿ ಬಿದ್ದಿದ್ದವು. ಒಂದಕ್ಕೂ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಒಂದು ಸಾಲು ಅಂಕಿ. ಮೂರು ವರ್ಷದ ಹಿಂದೆ ಅಳಿಸಿದ್ದ ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿನ ಹಾಡುಗಳೂ ಎದ್ದು ಬಂದಿದ್ದವು. ಬೇಡವೆಂದದ್ದು ಭದ್ರವಾಗಿದೆ, ಬೇಕಾದ್ದಕ್ಕೆ ಹುಡುಕಾಟ. ಡಿಸ್ಕಿಗೆ ನಮ್ಮ ಬೇಕು ಬೇಡ ತಿಳಿಯುವುದಿಲ್ಲ.

ಇನ್ನು ಕಂಪ್ಯೂಟರಿನ ಕೆಲಸ ಮುಗಿಯಿತು, ದೊಡ್ಡಪ್ಪನ ಕೆಲಸ ಶುರುವಾಯಿತು. ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ಹುಡುಗಿ ಒಂದೊಂದೇ ಫೈಲು ಒತ್ತುವುದು, ಅವರು ಹೇಳುವುದು, ಅವಳು ಹೆಸರು ಟೈಪ್ ಮಾಡುವುದು. ಚೆಂಡೆಯ ನಾಲ್ಕು ಪೆಟ್ಟು ಕೇಳಿದರೆ ಸಾಕು. "ಇದು ಬಲಿಪ ನಾರಾಯಣ ಭಾಗವತರು. ನಮ್ಮ ಮಾರೂರಿನವರು. ಸ್ವರ ನೋಡು, ಮೈಕ್ ಬೇಡ ಅವರಿಗೆ. ದೇವಿ ಮಹಾತ್ಮೆ ಅಂತ ಬರಿ." "ಇದು ಕೋಟಿ ಚೆನ್ನಯ. ಜನರೇಟರಿನ ಸದ್ದು ಕೇಳ್ತಾ ಉಂಟಲ್ಲ, ಆ ವರ್ಷ ಗದ್ದೆಯಲ್ಲಿ ಆದದ್ದು." ಅಣ್ಣಪ್ಪ ಹಾಸ್ಯಗಾರರ ದನಿ ಬಂದಲ್ಲಿ ಹೆಸರು ಹೇಳುವುದಕ್ಕೇ ಮರೆತು ನಕ್ಕುಬಿಟ್ಟರು. ಆ ತುಳು ಹಾಸ್ಯ ಹುಡುಗಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಅಜ್ಜ ನಗುವುದನ್ನು ನೋಡಿ ಅವಳೂ ನಕ್ಕಳು.

ಒಂದು ಫೈಲಿನಲ್ಲಿ ಭಾಗವತಿಕೆಯ ನಡುವೆ ಹತ್ತಿರದಿಂದ ಒಂದು ಹೆಂಗಸಿನ ದನಿ ಬಂತು. "ಚಳಿ ಆಗ್ತದೆ, ಶಾಲು ಹೊದ್ದುಕೊಳ್ಳಿ. ಇನ್ನೂ ಎಷ್ಟು ಹೊತ್ತು ಉಂಟು?"

"ಅಜ್ಜ, ಇದು ಯಾರು?" ಎಂದಳು ಹುಡುಗಿ.

ದೊಡ್ಡಪ್ಪ ಕಣ್ಣು ಬಿಡಲಿಲ್ಲ. "ನಿನ್ನ ಅಜ್ಜಿ" ಎಂದರು. ಹುಡುಗಿ ಹುಟ್ಟುವ ಮೊದಲೇ ದೊಡ್ಡಮ್ಮ ತೀರಿಹೋಗಿದ್ದರು. ಅವರ ಫೋಟೋಗಳು ಮನೆ ತುಂಬ ಇವೆ. ದನಿ ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ. ಹುಡುಗಿ ಅದನ್ನು ಹಿಂದಕ್ಕೆ ಎಳೆದು ಇನ್ನೆರಡು ಸಲ ಕೇಳಿದಳು. ಫೈಲಿಗೆ ಏನು ಹೆಸರಿಡಬೇಕೆಂದು ಅವಳು ಕೇಳಲಿಲ್ಲ, ತಾನೇ ಬರೆದಳು.

ಒಟ್ಟು 52ರಲ್ಲಿ 43 ವಾಪಸು ಬಂದವು. ಉಳಿದ ಒಂಬತ್ತರ ಮೇಲೆ ಅಣ್ಣನ ಆಟ ಕೂತಿತ್ತು.

ಇಂಥದ್ದು ದೊಡ್ಡ ಕಂಪನಿಗಳಲ್ಲೂ ಆಗಿದೆ ಎಂದು ಹುಡುಗಿಗೆ ಒಂದು ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. 'ಟಾಯ್ ಸ್ಟೋರಿ 2' ಸಿನಿಮಾ ನೋಡಿದ್ದೀರಲ್ಲ? ಅದು ತಯಾರಾಗುತ್ತಿದ್ದದ್ದು ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ. 1998ರಲ್ಲಿ ಒಂದು ದಿನ ಯಾರೋ ಸರ್ವರಿಗೆ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಅಲ್ಲೂ ಬುಟ್ಟಿ ಇರಲಿಲ್ಲ. ಕೆಲಸ ಮಾಡುತ್ತ ಕೂತವರ ಕಣ್ಣೆದುರಿಗೇ ವುಡಿಯ ಟೊಪ್ಪಿ ಮಾಯ, ಆಮೇಲೆ ಬೂಟು, ಆಮೇಲೆ ವುಡಿಯೇ ಮಾಯ. ಹೋಗಿ ತಂತಿ ಕಿತ್ತು ಸರ್ವರ್ ನಿಲ್ಲಿಸುವಷ್ಟರಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಿತ್ತು. ಪ್ರತಿ ತೆಗೆದಿಡುವ ಯಂತ್ರ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂದು ಆವಾಗಲೇ ಗೊತ್ತಾದದ್ದು. ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆಗೆ ಮಗು ಹುಟ್ಟಿತ್ತು. ಮನೆಯಲ್ಲೇ ಕೂತು ಕೆಲಸ ಮಾಡಲೆಂದು ಅವರ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾದ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಕೂರಿಸಿ, ಮಗುವನ್ನು ಆಸ್ಪತ್ರೆಯಿಂದ ತರುವಷ್ಟು ನಿಧಾನವಾಗಿ ತಂದರಂತೆ. 1999ರಲ್ಲಿ ಸಿನಿಮಾ ಬಂತು. ತಮಾಷೆಯೆಂದರೆ, ಆಮೇಲೆ ಕಥೆ ಸರಿ ಇಲ್ಲವೆಂದು ಅದರ ಬಹುಭಾಗವನ್ನು ಅವರೇ ಹೊಸತಾಗಿ ಮಾಡಿದರು.

ಕೇಳಿದ ದೊಡ್ಡಪ್ಪ, "ಅಮೆರಿಕಕ್ಕೆ ಯಾಕೆ ಹೋಗ್ತಿ, ಇಲ್ಲೇ ಮೂಡುಬಿದಿರೆಯಲ್ಲಿ ಆಗಲಿಲ್ಲವಾ?" ಎಂದರು. ಅವರು ಹೇಳಿದ್ದು ಧವಲಾ ಗ್ರಂಥಗಳ ವಿಷಯ. ಜೈನರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ದೊಡ್ಡ ವ್ಯಾಖ್ಯಾನ ಅದು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಬರೆದ ಲಿಪಿ ಹಳಗನ್ನಡ. ಅದರ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಕ್ತರು ದೂರದಿಂದ ಬಂದು ದರ್ಶನ ಮಾಡಿ ಹೋಗುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಬೆಂಕಿ, ಒಂದು ಗೆದ್ದಲ ಹುತ್ತ ಸಾಕಾಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೈಯಲ್ಲಿ ಬರೆದು ಪ್ರತಿ ಮಾಡುವ ಕೆಲಸ ಶುರುವಾಯಿತು, ಮುಗಿಯಲು ಅನೇಕ ವರ್ಷ ಹಿಡಿಯಿತು. ಹೀರಾಲಾಲ್ ಜೈನ್ ಎಂಬ ವಿದ್ವಾಂಸರು ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಮತ್ತೆ ಹೆದರಿಕೆ ಇಲ್ಲ, ಒಂದು ಕಡೆ ಹೋದರೆ ಇನ್ನೊಂದು ಕಡೆ ಉಂಟು. "ಹಾಗಾದರೆ ನಾನು ಕ್ಯಾಸೆಟ್ಟು ಯಾಕೆ ಬಿಸಾಡಿದೆ?" ಎಂದು ದೊಡ್ಡಪ್ಪ ತಮ್ಮನ್ನೇ ಕೇಳಿಕೊಂಡರು. ನಾನು ಹೇಳಬೇಕೆಂದಿದ್ದ ಮಾತು, ಅವರ ಬಾಯಿಯಿಂದಲೇ ಬಂತು.

ಸಂಜೆ ಹೊರಡುವ ಮೊದಲು ಕೆಲವು ಕೆಲಸ ಮುಗಿಸಿದೆ. 43 ಫೈಲುಗಳ ಒಂದು ಪ್ರತಿ ಮಾಳಿಗೆಯಲ್ಲಿ. ಆ ಫೋಲ್ಡರಿಗೆ ಚಾವಡಿಯಿಂದ ಓದುವ ಹಕ್ಕು ಮಾತ್ರ. ಶೇರ್ ಮಾಡುವಲ್ಲಿ 'ರೀಡ್' ಎಂದಷ್ಟೇ ಕೊಟ್ಟರೆ ಹಾಡು ಕೇಳಬಹುದು, ಅಳಿಸಹೋದರೆ ಆಗುವುದಿಲ್ಲ ಎನ್ನುತ್ತದೆ. ನಮ್ಮ ಮನೆಗಳಲ್ಲಿ ನಡೆಯುವ ಶೇರ್ ಫೋಲ್ಡರಿನ ರಗಳೆಗಳಿಗೆ ಈ ಒಂದು ಮದ್ದು ನನಗೆ ಎಲ್ಲಕ್ಕಿಂತ ಇಷ್ಟ, ಐದು ನಿಮಿಷದ ಕೆಲಸ, ಖರ್ಚಿಲ್ಲ. ಇನ್ನೊಂದು ಪ್ರತಿ ಸಣ್ಣ ಪೋರ್ಟಬಲ್ ಡಿಸ್ಕಿನಲ್ಲಿ, ವಯರು ಬಿಚ್ಚಿ ಕಬ್ಬಿಣದ ಕಪಾಟಿನಲ್ಲಿ. ಯಾವಾಗಲೂ ಸಿಕ್ಕಿಸಿಯೇ ಇಟ್ಟ ಪ್ರತಿ ಪ್ರತಿಯಲ್ಲ, ಮೊದಲನೆಯದ್ದನ್ನು ಅಳಿಸಿದ ಕೈ ಅದನ್ನೂ ಅಳಿಸುತ್ತದೆ. ಮೂರನೆಯದ್ದು ಮಗನ ಹತ್ತಿರ ಬೆಂಗಳೂರಿಗೆ, ಇಂಟರ್ನೆಟ್ ಮೂಲಕ ಗೂಗಲ್ ಡ್ರೈವಿನಲ್ಲಿ. ಅಲ್ಲೂ ಒಂದು ಬುಟ್ಟಿ ಇದೆ, ಬಿದ್ದದ್ದು 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಕಪಾಟಿನ ಡಿಸ್ಕಿಗೆ ಹೊಸತನ್ನು ಸೇರಿಸುವುದು ಯಾವಾಗ ಎಂಬ ಚರ್ಚೆ ಬಂತು. ತಿಂಗಳಿಗೊಮ್ಮೆ ಎಂದರೆ ಎಲ್ಲರೂ ಮರೆಯುತ್ತಾರೆ. ದೊಡ್ಡಪ್ಪ ಸಂಕ್ರಮಣದ ದಿನ ಎಂದರು. ಅದನ್ನು ಅವರು ಮರೆತದ್ದಿಲ್ಲ. ಡಿಸ್ಕು ಸಿಕ್ಕಿಸುವ ಕೆಲಸ ಹುಡುಗಿಯದ್ದು.

ಒಂದೇ ಒಂದು ಫೈಲಿಗೆ ಇನ್ನೂ ಹೆಸರಾಗಿಲ್ಲ. ಹದಿನೇಳು ನಿಮಿಷಕ್ಕೆ ಕಡಿಯುತ್ತದೆ, ನಡುವೆ ಮಳೆಯ ಸದ್ದು. ಗದಾಪರ್ವ ಎಂದು ದೊಡ್ಡಪ್ಪ ಹೇಳುತ್ತಾರೆ. ಪಕ್ಕದ ಮನೆಯವರು ಬಂದು ಕೇಳಿ, ಅಲ್ಲವೇ ಅಲ್ಲ, ಇದು ಕರ್ಣಪರ್ವ, ನಾನೂ ಅವತ್ತು ನಿಮ್ಮ ಹಿಂದೆಯೇ ಕೂತಿದ್ದೆ ಎಂದರಂತೆ. ಹುಡುಗಿ ಮೊನ್ನೆ ಫೋನಿನಲ್ಲಿ ಹೇಳಿದಳು, ಇಬ್ಬರೂ ಒಪ್ಪುವ ತನಕ ಅದಕ್ಕೆ 'ಮಳೆ' ಎಂದು ಹೆಸರಿಟ್ಟಿದ್ದಾಳೆ.